ಕೊನೇ ಸ್ಟಾಪಿನ ಬಸ್ಸು

"ಏಯ್ ಬಕೆಟ್ಟು! ಕಣ್ಣೇನು ಬೆನ್ನಿಗೆ ಅಂಟಿಸ್ಕೊಂಡಿದೀಯಾ? ಈ ಗೆರೆ ಯಾರು ಒರೆಸ್ತಾರೆ, ನಿಮ್ಮಪ್ಪ ಬರ್ತಾನಾ?"

ಡಿಪೋ ಕಂಟ್ರೋಲರು ಬಸ್ಸಿನ ಮುಂಗಾಜಿನ ಮೇಲೆ ಬೆರಳು ಎಳೆದ. ಕೊಳೆ ಹತ್ತಿದ ಆ ಬೆರಳನ್ನು ಅವಳ ಹೆಗಲ ಬಟ್ಟೆಗೇ ಒರೆಸಿದ. ಅವಳು ಅಲುಗಲಿಲ್ಲ. ಬೆಳಗಿನ ಐದಕ್ಕೆ ಪೈಪು ಹಿಡಿದವಳು, ಏಳರ ಹೊತ್ತಿಗೆ ಸೊಂಟದ ಕೆಳಗೆ ಪೂರ್ತಿ ಒದ್ದೆಯಾಗಿದ್ದಳು. ಒಣಗಿದ ಜಾಗ ಅಂತ ಉಳಿದಿದ್ದು ಆ ಹೆಗಲೊಂದೇ.

"ಹತ್ತು ಗಂಟೆಗೆ ಮೇಲಿನೋರು ಬರ್ತಿದಾರೆ. ರೈಲು ನಿಂತ್ರೂ ಈ ಊರು ನಿಲ್ಲಲ್ಲ, ಬಸ್ಸು ಹೆಗಲು ಕೊಡುತ್ತೆ ಅಂತ ನೋಡೋಕೆ. ಒಂದು ಗೆರೆ ಕಂಡ್ರೂ ನಿಮ್ಮನ್ನೆಲ್ಲ ಇದೇ ಪೈಪಲ್ಲಿ ತೊಳೆದು ಮೋರಿಗೆ ಬಿಡ್ತೀನಿ, ದರಿದ್ರ ಮುಂಡೇವಾ."

"ಒರೆಸ್ತೀನಿ ಸಾರ್."

ಅವನು ಅತ್ತ ಹೋಗುತ್ತಲೇ ಬಸ್ಸಿನ ಆಚೆ ಬದಿಯಿಂದ ಕುಳ್ಳಿ ತಲೆ ಹಾಕಿದಳು. ಇಬ್ಬರೂ ಒಂಬತ್ತು ವರ್ಷದಿಂದ ಜೋಡಿ. ಎತ್ತರದ ಕೆಲಸ ಇವಳದು, ತಗ್ಗಿನ ಕೆಲಸ ಕುಳ್ಳಿಯದು. "ಆಯ್ತಾ ಬೆಳಗಿನ ಮಂಗಳಾರತಿ?" ಎಂದಳು ಕುಳ್ಳಿ. "ನಿಮ್ಮಪ್ಪನ್ನ ಬಾಯ್ತುಂಬ ಕರೀತಾನೆ, ಇಷ್ಟು ವರ್ಷ ಆದ್ರೂ ಆ ಪುಣ್ಯಾತ್ಮ ಒಂದ್ಸಲನೂ ಬರ್ಲಿಲ್ಲ ನೋಡು."

ಬಕೆಟ್ಟಮ್ಮನಿಗೆ ನಗು ಬಂತು. ಗುತ್ತಿಗೆದಾರನ ಪುಸ್ತಕದಲ್ಲಿ ಅವಳಿಗೆ ಬೇರೆ ಹೆಸರಿತ್ತು. ಅದನ್ನು ಕರೆಯುವವರು ಡಿಪೋದಲ್ಲಿ ಯಾರೂ ಇರಲಿಲ್ಲ. ಮೊದಮೊದಲು ಬಕೆಟ್ಟು ಅಂದರೆ ಸಿಟ್ಟು ಬರುತ್ತಿತ್ತು. ಈಗ ಮನೆಯಲ್ಲಿ ಗಂಡ ಕೂಡ ತಮಾಷೆಗೆ ಹಾಗೇ ಕರೆಯುತ್ತಿದ್ದ.

ಅವಳು ಗಾಜನ್ನು ಇನ್ನೊಮ್ಮೆ ಒರೆಸಿದಳು. ಒಳಗೆ ಹತ್ತಿ, ಗಾಜಿನ ಹಿಂದಿನ ಕೊಕ್ಕೆಗಳಿಗೆ ಹಳದಿ ತಗಡಿನ ಬೋರ್ಡು ಸಿಕ್ಕಿಸಿದಳು. ಅವಳಿಗೆ ಓದು ಬಾರದು, ಬಣ್ಣ ಬರುತ್ತಿತ್ತು. ನೀಲಿ ಅಂದರೆ ಗಾಜಿನ ಕಟ್ಟಡಗಳ ಕಡೆ, ಹಸಿರು ಅಂದರೆ ದೊಡ್ಡ ಆಸ್ಪತ್ರೆ ದಾಟಿ ಕಾಲೇಜು, ಕೆಂಪು ಅಂದರೆ 'ವಿಶೇಷ', ರೈಲು ಕೆಟ್ಟಾಗ ಅದರ ಜನಕ್ಕೆ ಓಡುವುದು. ಹಳದಿ ಅಂದರೆ ಕೊನೇ ಸ್ಟಾಪು. ಅಂದರೆ ಅವಳ ಮನೆ.

ಕೊನೇ ಸ್ಟಾಪಿಗೆ ಬೇರೆ ಹೆಸರು ಇಟ್ಟವರಿಲ್ಲ. ಊರೊಳಗೆ ಓಡುವ ರೈಲಿನ ದೊಡ್ಡ ನಿಲ್ದಾಣ ಕಟ್ಟುವಾಗ ಅಲ್ಲಿದ್ದ ನಾನೂರು ಮನೆಯವರನ್ನು ಎತ್ತಿ ಊರಾಚೆ ಒಂದು ಬಯಲಲ್ಲಿ ಸುರಿದಿದ್ದರು. ಬಸ್ಸು ಅಲ್ಲಿಂದ ಮುಂದೆ ಹೋಗುವುದಿಲ್ಲವಾದ್ದರಿಂದ ಅದು ಕೊನೇ ಸ್ಟಾಪು. ದಿನಕ್ಕೆ ಆರು ಸಲ ಬಸ್ಸು ಬರಬೇಕು. ರೈಲು ಕೆಟ್ಟ ದಿನ ಎರಡು ಸಲ ಬಂದರೆ ಹೆಚ್ಚು. ಊರಲ್ಲಿ ಎಲ್ಲಿ ಏನೇ ನಿಂತರೂ ಮೊದಲು ಎಳೆಯುವುದು ಹಳದಿ ಬೋರ್ಡಿನ ಬಸ್ಸನ್ನೇ. ಕುಳ್ಳಿ ಅದಕ್ಕೆ, "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ" ಅನ್ನುತ್ತಿದ್ದಳು.

ಆದರೆ ಡಿಪೋದಲ್ಲಿ ಒಂದು ಕಟ್ಟಳೆ ಇತ್ತು. ಯಾರೂ ಬರೆದಿಟ್ಟದ್ದಲ್ಲ, ನಡೆದುಕೊಂಡು ಬಂದದ್ದು. ಬಸ್ಸನ್ನು ಎಳೆಯುವುದಾದರೆ ಬೋರ್ಡು ಸಿಕ್ಕಿಸುವ ಮೊದಲು ಎಳೆಯಬೇಕು. ತೊಳೆದವಳು ಬೋರ್ಡು ಸಿಕ್ಕಿಸಿದಳು ಅಂದರೆ ಆ ಬಸ್ಸು ಆ ದಾರಿಯದೇ. ಆಮೇಲೆ ಅದನ್ನು ಮುಟ್ಟುವಂತಿಲ್ಲ. ಒಂಬತ್ತು ವರ್ಷದಲ್ಲಿ ಒಂದು ಸಲವೂ ಅದು ತಪ್ಪಿದ್ದನ್ನು ಬಕೆಟ್ಟಮ್ಮ ಕಂಡಿರಲಿಲ್ಲ.

ಏಳೂ ಹತ್ತಕ್ಕೆ ಐದು ನಿಮಿಷದ ಬಿಡುವು. ತೊಳೆಯುವವರ ಫೋನುಗಳೆಲ್ಲ ಗೇಟಿನ ವಾಚ್‌ಮನ್ನನ ಡಬ್ಬಿಯಲ್ಲಿ ಇರುತ್ತಿದ್ದವು. ಬಿಡುವಿನಲ್ಲಿ ಒಮ್ಮೆ ಕೊಡುತ್ತಿದ್ದ, ಮತ್ತೆ ಕಸಿದುಕೊಳ್ಳುತ್ತಿದ್ದ, ಪಾಳಿ ಮುಗಿದ ಮೇಲೆ ಪೂರ್ತಿ. ಅವಳು ತನ್ನದನ್ನು ತೆಗೆದುಕೊಂಡು ಗಂಡನ ಚಿತ್ರದ ಮೇಲೆ ಒತ್ತಿದಳು.

"ಎದ್ದಿದೀಯಾ? ಕಾಲು ಹೆಂಗಿದೆ?"

"ಊದಿದೆ. ಬೂದುಗುಂಬಳದ ಥರ ಆಗಿದೆ. ಚಪ್ಪಲಿ ಹತ್ತಲ್ಲ." ಗಂಡನ ಮಾತಿನ ನಡುನಡುವೆ ಉಸಿರು ಎಳೆದು ಬರುತ್ತಿತ್ತು. "ಲೇ, ಸೊಪ್ಪಿನ ಟೆಂಪೋದವನು ಇಲ್ಲೇ ನಿಂತಿದಾನೆ. ಖಾಲಿ ಹೋಗ್ತಿದಾನಂತೆ, ಆಸ್ಪತ್ರೆ ಮುಂದೆ ಇಳಿಸ್ತೀನಿ ಅಂತಾನೆ. ಹೋಗ್ಲಾ?"

ಸೋಮವಾರ ಮತ್ತು ಗುರುವಾರ, ಬೆಳಿಗ್ಗೆ ಒಂಬತ್ತಕ್ಕೆ, ದೊಡ್ಡಾಸ್ಪತ್ರೆಯ ಡಯಾಲಿಸಿಸ್ ಕೋಣೆಯಲ್ಲಿ ಅವನಿಗೊಂದು ಕುರ್ಚಿ. ಇವತ್ತು ಗುರುವಾರ. ಆ ರೈಲಿನ ಸುರಂಗ ಅಗೆಯುವಾಗ ಬೆನ್ನುನೋವಿಗೆ ಮೇಸ್ತ್ರಿ ಕೊಡುತ್ತಿದ್ದ ಗುಳಿಗೆಗಳನ್ನು ಮೂರು ವರ್ಷ ನುಂಗಿ ಅವನ ಮೂತ್ರಪಿಂಡ ಎರಡೂ ಹೋಗಿದ್ದವು. ಒಂಬತ್ತೂಕಾಲಿನೊಳಗೆ ಕೂರದಿದ್ದರೆ ಕುರ್ಚಿ ಮುಂದಿನವನಿಗೆ. ಹೊರಗೆ ಸಾಲು ಕಾದಿರುತ್ತಿತ್ತು.

"ಆ ಟೆಂಪೋದಲ್ಲಿ ಕೂರೋಕೆ ಜಾಗ ಎಲ್ಲಿದೆ? ಹಿಂದೆ ನಿಂತ್ಕೊಂಡು ಕುಲುಕಿಸ್ಕೊಂಡು ಹೋಗ್ತೀಯಾ? ಎಲ್ಲಾದ್ರೂ ಬಿದ್ದು ಸೂಜಿ ಚುಚ್ಚೋ ಕೈಗೆ ಪೆಟ್ಟಾದ್ರೆ ಏನು ಮಾಡೋಣ? ಬೇಡ. ಬಸ್ಸು ನನ್ನ ಕಣ್ಮುಂದೆ ಇದೆ. ನಾನೇ ತೊಳೆದೀನಿ, ಬೋರ್ಡೂ ಹಾಕಿದೀನಿ. ಡ್ರೈವರು ನಮ್ಮ ಮೀಸೆಣ್ಣ. ಎಂಟಕ್ಕೆ ಅಲ್ಲಿರುತ್ತೆ."

"ಬೋರ್ಡು ಹಾಕಿದೀಯಾ?"

"ಹಾಕಿದೀನಿ ಕಣೋ."

"ಹಂಗಾದ್ರೆ ಬಿಡು. ಟೆಂಪೋದವನಿಗೆ ಹೋಗು ಅಂತೀನಿ. ನೀನು ಬಸ್ಸು ತೊಳೀ, ಆ ಮಿಷನ್ನು ನನ್ನ ತೊಳೀಲಿ."

ಅವಳು ನಗುತ್ತಲೇ ಫೋನನ್ನು ಡಬ್ಬಿಗೆ ಹಾಕಿದಳು.

*

ಏಳೂ ಇಪ್ಪತ್ತೈದಕ್ಕೆ ರೈಲಿನ ಕರೆಂಟು ಹೋಯಿತು. ಡಿಪೋಗೆ ಅದು ಗೊತ್ತಾಗಿದ್ದು ಕಂಟ್ರೋಲರನ ಕಿರುಚಾಟದಿಂದ. ಅವನು ಎರಡು ಕಿವಿಗೆ ಎರಡು ಫೋನು ಹಿಡಿದು ಕೋಣೆಯಿಂದ ಹೊರಗೋಡಿ ಬಂದ. ದೊಡ್ಡ ನಿಲ್ದಾಣದಲ್ಲಿ ಜನ ಇರುವೆಗೂಡಿನ ಹಾಗೆ ತುಂಬಿದ್ದರು, ಅರ್ಧ ಗಂಟೆಯೊಳಗೆ ಐದು ಬಸ್ಸು ಬೇಕಿತ್ತು. ಮೇಲಿನವರು ಬರುವ ದಿನವೇ ಹೀಗಾಗಿದ್ದು ಅವನಿಗೆ ಒಳಗೊಳಗೇ ಹಬ್ಬದ ಹಾಗಿತ್ತು.

"ಇಪ್ಪತ್ತೈದು ನಿಮಿಷದಲ್ಲಿ ಮಾಡಿ ತೋರಿಸ್ಬೇಕು! ಇಪ್ಪತ್ತೈದು! ಮೀಸೆ, ನಿನ್ನ ಗಾಡಿ ತೆಗಿ. ಏಯ್ ಬಕೆಟ್ಟು, ಆ ಹಳದಿ ಕಿತ್ತು ಕೆಂಪು ಹಾಕು."

ಅವಳಿಗೆ ಮೊದಲು ಅರ್ಥವಾಗಲಿಲ್ಲ. "ಸಾರ್, ಬೋರ್ಡು ಹಾಕಾಗಿದೆ."

"ಹಾಕಾಗಿದ್ರೆ ಕೀಳು."

"ಬೋರ್ಡು ಹಾಕಿದ ಬಸ್ಸು ತೆಗೆಯೋ ಹಂಗಿಲ್ಲ ಸಾರ್. ಯಾವತ್ತೂ ತೆಗೆದಿಲ್ಲ."

"ಓಹೋ! ಕಾನೂನು ಹೇಳ್ತೀಯಾ? ಕಸಬರಿಗೆ ಹಿಡಿಯೋಳು ನನಗೆ ಕಾನೂನು ಹೇಳ್ತೀಯಾ?"

ಬಕೆಟ್ಟಮ್ಮ ಕೈಮುಗಿದಳು. ಮುಗಿದ ಕೈಯಿಂದ ಸೋಪಿನ ನೀರು ಮೊಣಕೈವರೆಗೆ ಇಳಿಯಿತು. "ಸಾರ್, ನಮ್ಮನೆಯವರು ಆ ಸ್ಟಾಪಲ್ಲಿ ಕೂತಿದಾರೆ. ಒಂಬತ್ತಕ್ಕೆ ಡಯಾಲಿಸಿಸ್ಸು. ತಪ್ಪಿದ್ರೆ ಸೋಮವಾರದವರೆಗೆ ಇಲ್ಲ. ನಾನೇ ಫೋನು ಮಾಡಿ ಕೂತ್ಕೋ ಅಂದಿದೀನಿ ಸಾರ್. ಬೇರೆ ಬಸ್ಸು ತಗೊಳ್ಳಿ, ನಿಮ್ಮ ಕಾಲಿಗೆ ಬೀಳ್ತೀನಿ."

"ಬೇರೆ ಅಂದ್ರೆ ಯಾವ್ದು? ನೀಲಿ ತೆಗೀಲಾ? ಗಾಜಿನ ಕಟ್ಟಡದೋರು ಹತ್ತು ನಿಮಿಷ ಕಾದ್ರೆ ಮೇಲಕ್ಕೆ ಇನ್ನೂರು ದೂರು ಹೋಗುತ್ತೆ. ಹಸಿರು ತೆಗೆದ್ರೆ ಕಾಲೇಜು ಹುಡುಗ್ರು ಗಾಜು ಒಡೀತಾರೆ." ಅವನ ದನಿ ಇಳಿಯಿತು. ಮಗುವಿಗೆ ಬುದ್ಧಿ ಹೇಳುವ ಹಾಗೆ ಹೇಳಿದ. "ನಿಮ್ಮ ಕೊನೇ ಸ್ಟಾಪಿಂದ ಇಷ್ಟು ವರ್ಷದಲ್ಲಿ ಒಂದು ದೂರು ಬಂದಿದ್ಯಾ? ನೀನೇ ಹೇಳು. ಒಂದು?"

ದೂರು ಕೊಡಬೇಕಾದದ್ದು ಯಾವುದೋ ದೊಡ್ಡ ಫೋನಿನಲ್ಲಿ, ಯಾವುದೋ ಚೌಕದ ಮೇಲೆ ಒತ್ತಿ, ಇಂಗ್ಲಿಷಿನಲ್ಲಿ. ಕೊನೇ ಸ್ಟಾಪಿನವರು ಬಸ್ಸು ಬರದಿದ್ದರೆ ನಡೆಯುತ್ತಿದ್ದರು. ನಡೆದದ್ದು ಎಲ್ಲೂ ದಾಖಲಾಗುತ್ತಿರಲಿಲ್ಲ.

"ಬಂದಿಲ್ಲ ಅಲ್ವಾ? ತೊಂದ್ರೆ ಇಲ್ಲದ ಕಡೆಯಿಂದ ತಾನೇ ತೆಗೀಬೇಕು? ಕೀಳು, ಬೇಗ!"

ಮೀಸೆಣ್ಣ ಸ್ಟೇರಿಂಗಿನ ಮುಂದೆ ಕೂತು ಗಾಜಿನಾಚೆ ಎಲ್ಲೋ ನೋಡುತ್ತಿದ್ದ. ಅವನ ನೆತ್ತಿಯ ಮೇಲೆ ಪುಟ್ಟ ಕ್ಯಾಮೆರಾ ಕೆಂಪಗೆ ಮಿಣುಕುತ್ತಿತ್ತು. ಬಕೆಟ್ಟಮ್ಮ ಒಳಗೆ ಹತ್ತಿದಳು. ಒಲ್ಲೆ ಅನ್ನಬೇಕಿತ್ತು, ಬೋರ್ಡು ಎತ್ತಿ ಅವನ ಮುಖಕ್ಕೆ ಎಸೆಯಬೇಕಿತ್ತು. ಆದರೆ ಒಂಬತ್ತು ವರ್ಷ ಹೇಳಿದ್ದು ಕೇಳಿದ ಕೈಗಳು ಅವಳನ್ನು ಕೇಳದೆಯೇ ಹಳದಿಯನ್ನು ಕೊಕ್ಕೆಯಿಂದ ಬಿಡಿಸಿ ಕೆಂಪನ್ನು ಸಿಕ್ಕಿಸಿಬಿಟ್ಟವು. ಊರಿಗೆ ಉಪಕಾರಿ, ಮನೆಗೆ ಮಾರಿ! ಆ ಕೈಗಳನ್ನು ಕಂಡರೆ ಅವಳಿಗೇ ಹೇಸಿಗೆಯಾಯಿತು.

ಅವಳು ಗೇಟಿಗೆ ಓಡಿದಳು. "ಅಣ್ಣಾ, ನನ್ನ ಫೋನು. ಒಂದೇ ನಿಮಿಷ."

"ಪಾಳಿ ಮುಗಿದ್ಮೇಲೆ ಎರಡು ಗಂಟೆಗೆ ಬಾ."

"ಸಾಯೋ ವಿಷಯ ಅಣ್ಣಾ."

"ದಿನಾ ಒಬ್ಬೊಬ್ರು ಬಂದು ಸಾಯೋ ವಿಷಯ ಅಂತೀರ. ಡಬ್ಬಿ ಬೀಗದ ಕೈ ಸಾಹೇಬ್ರ ಹತ್ರ ಇದೆ. ಇವತ್ತು ಫೋನ್ ಗೀನ್ ಏನೂ ಇಲ್ಲ, ಮೇಲಿನೋರು ಬರ್ತಿದಾರೆ."

ಕುಳ್ಳಿಯ ಫೋನೂ ಅದೇ ಡಬ್ಬಿಯಲ್ಲಿತ್ತು. ಬೇರೆಯವರ ಫೋನು ಸಿಕ್ಕರೂ ಅವಳಿಗೆ ಗಂಡನ ನಂಬರು ಗೊತ್ತಿರಲಿಲ್ಲ, ಗೊತ್ತಿದ್ದದ್ದು ಅವನ ಚಿತ್ರ. ಅಷ್ಟರಲ್ಲಿ ಕೆಂಪು ಬೋರ್ಡಿನ ಬಸ್ಸು ಗೇಟಿನ ಹತ್ತಿರ ನಿಧಾನವಾಯಿತು. ಅವಳು ಹಿಂಬಾಗಿಲು ಹತ್ತಿಬಿಟ್ಟಳು. ಮೀಸೆಣ್ಣ ಕನ್ನಡಿಯಲ್ಲಿ ನೋಡಿದ. ಗೇರು ಬದಲಿಸಿ ಮುಂದೆ ಹೊರಟ.

*

ದೊಡ್ಡ ನಿಲ್ದಾಣದ ಮುಂದೆ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಜನ ಬಾಗಿಲಿಗೆ ಮುಗಿಬಿದ್ದರು. ಇಸ್ತ್ರಿ ಮಾಡಿದ ಅಂಗಿಗಳು, ಕೊರಳಲ್ಲಿ ನೇತಾಡುವ ಗುರುತಿನ ಚೀಟಿಗಳು, ಬೆನ್ನಿಗೆ ಚೀಲಗಳು. ಬಕೆಟ್ಟಮ್ಮ ಮುಂಬಾಗಿಲಿನ ಮೆಟ್ಟಿಲ ಮೇಲೆ ಎರಡೂ ಕಂಬಿ ಹಿಡಿದು ಅಡ್ಡ ನಿಂತಳು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದಳು, ಈಗ ಒಂದೂ ನೆನಪಾಗಲಿಲ್ಲ.

"ಈ ಬಸ್ಸು ನಮ್ದು," ಎಂದಳು. "ಕೊನೇ ಸ್ಟಾಪಿಂದು. ನನ್ನ ಗಂಡ ಅಲ್ಲಿ ಕಾಯ್ತಿದಾನೆ. ಅವನನ್ನ ಆಸ್ಪತ್ರೆಗೆ ಬಿಟ್ಟು ಬರುತ್ತೆ, ಆಮೇಲೆ ನೀವು ಹತ್ತಿ. ಒಂದು ಗಂಟೆ. ನಿಮ್ಮ ದಮ್ಮಯ್ಯ."

ಎಲ್ಲರೂ ಒಟ್ಟಿಗೆ ಮಾತಾಡಿದರು.

"ಯಾರ್ರೀ ಇವ್ಳು? ಹುಚ್ಚಿನಾ?"

"ಅಮ್ಮಾ, ನಾಟಕ ಕೆಳಗಿಳಿದು ಮಾಡು. ನನಗೆ ಒಂಬತ್ತಕ್ಕೆ ಮೀಟಿಂಗ್ ಇದೆ."

"ಕಷ್ಟ ಎಲ್ಲಾರ್ಗೂ ಇರುತ್ತೆ. ಅದಕ್ಕೆ ಊರನ್ನೇ ನಿಲ್ಸೋದಾ?"

ಕನ್ನಡಕದ ಹೆಂಗಸೊಬ್ಬಳಿಗೆ ನಿಜಕ್ಕೂ ಮರುಕವಾದಂತಿತ್ತು. "ಪಾಪ," ಎಂದಳು ಪಕ್ಕದವಳಿಗೆ, "ಆಂಬುಲೆನ್ಸಿಗೆ ಫೋನ್ ಮಾಡ್ಬೇಕಪ್ಪ ಇಂಥೋರು. ಯಾಕೆ ಮಾಡಲ್ಲ ಇವ್ರು?" ಹಾಗೆನ್ನುತ್ತಲೇ ಬಕೆಟ್ಟಮ್ಮನ ಕಂಕುಳ ಕೆಳಗೆ ನುಸುಳಿ ಒಳಗೆ ಹೋಗಿ ಕಿಟಕಿ ಪಕ್ಕದ ಸೀಟು ಹಿಡಿದಳು. ಒಬ್ಬ ತರುಣ ಫೋನು ಎತ್ತಿ ಹಿಡಿದು ಎಲ್ಲವನ್ನೂ ಚಿತ್ರ ತೆಗೆಯುತ್ತಿದ್ದ.

"ತೆಗಿ!" ಎಂದು ಬಕೆಟ್ಟಮ್ಮ ಕೂಗಿದಳು. "ಚೆನ್ನಾಗಿ ತೆಗಿ! ನೀನು ನಿಂತಿರೋ ಜಾಗ ಇದ್ಯಲ್ಲ, ಅಲ್ಲಿ ನಮ್ಮನೆ ಒಲೆ ಇತ್ತು. ನಿಮ್ಮ ರೈಲಿಗೆ ಮನೆ ಬಿಟ್ವಿ. ನನ್ನ ಗಂಡ ಕಿಡ್ನಿ ಬಿಟ್ಟ. ಈಗ ರೈಲು ಕೆಟ್ರೆ ಬಸ್ಸೂ ಬಿಡ್ಬೇಕಾ? ಇನ್ನೇನು ಉಳಿದಿದೆ ಬೋಳಿಮಕ್ಕಳಾ ಬಿಡೋಕೆ?"

"ಬಾಯಿ ನೋಡ್ರಿ ಬಾಯಿ!"

ನಿಲ್ದಾಣದ ಸೆಕ್ಯುರಿಟಿಯವನು ಬಂದ. ಅವನೂ ಗುತ್ತಿಗೆಯವನೇ, ಅವನ ಬೂಟೂ ಹರಿದಿತ್ತು. "ಇಳೀಯಮ್ಮ, ನನ್ನ ಕೆಲಸ ಕಳೀಬೇಡ," ಎನ್ನುತ್ತಾ ಅವಳ ಬೆರಳುಗಳನ್ನು ಕಂಬಿಯಿಂದ ಒಂದೊಂದಾಗಿ ಬಿಡಿಸಿದ. ಹಿಂದಿನಿಂದ ಯಾರೋ ನೂಕಿದರು. ಅವಳು ಅಂಗೈ ಊರಿ ಬಿದ್ದಳು. ತಲೆಯೆತ್ತುವಷ್ಟರಲ್ಲಿ ಬಾಗಿಲು ಮುಚ್ಚಿ ಬಸ್ಸು ಹೊರಟಿತ್ತು. ಅವಳೇ ತಿಕ್ಕಿ ತಿಕ್ಕಿ ತೊಳೆದ ಕಿಟಕಿಗಳಲ್ಲಿ ಒಳಗೆ ಕೂತ ಒಬ್ಬೊಬ್ಬರ ಮುಖವೂ ಸ್ಪಷ್ಟವಾಗಿ ಕಾಣುತ್ತಿತ್ತು.

*

ನಿಲ್ದಾಣದಿಂದ ಕೊನೇ ಸ್ಟಾಪಿಗೆ ಹನ್ನೊಂದು ಕಿಲೋಮೀಟರು. ಅವಳ ಚೀಲ, ಫೋನು, ಚಪ್ಪಲಿ ಎಲ್ಲ ಡಿಪೋದಲ್ಲಿದ್ದವು. ಕಾಲಲ್ಲಿದ್ದದ್ದು ತೊಳೆಯುವವರ ರಬ್ಬರ್ ಬೂಟು. ಒಳಗಿನ ನೀರು ಹೆಜ್ಜೆಗೊಮ್ಮೆ ಪಚಕ್ ಪಚಕ್ ಅನ್ನುತ್ತಿತ್ತು. ಮೊದಲ ಮೂರು ಕಿಲೋಮೀಟರು ಓಡಿದಳು. ಆಮೇಲೆ ನಡೆದಳು. ದಾರಿಯಲ್ಲಿ ಕೈ ಮಾಡಿದ ಎಂಟು ಗಾಡಿಗಳಲ್ಲಿ ಒಂದು ನಿಂತಿತು, ಬೂಟು ನೋಡಿ ಮುಂದೆ ಹೋಯಿತು.

ಒಂಬತ್ತಾಯಿತು ಎಂದು ಯಾವುದೋ ಕಾರ್ಖಾನೆಯ ಸೈರನ್ನು ಹೇಳಿತು. ಈಗ ಕುರ್ಚಿಯಲ್ಲಿ ಬೇರೆ ಯಾರೋ ಕೂರುತ್ತಿದ್ದಾನೆ, ಅವನ ತೋಳಿಗೆ ಸೂಜಿ ಚುಚ್ಚುತ್ತಿದ್ದಾರೆ. ಆ ಯಾರೋನ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಸಿಟ್ಟೆಲ್ಲ ತನ್ನ ಮೇಲೆಯೇ ಬಂತು. ಟೆಂಪೋ ಬಾಗಿಲಿಗೆ ಬಂದು ನಿಂತಿತ್ತು. ಹತ್ತು ಅಂದಿದ್ದರೆ ಸಾಕಿತ್ತು. ನನ್ನ ಬಾಯಿಗೆ ಬೆಂಕಿ ಬೀಳ, ಬೋರ್ಡು ಹಾಕಿದೀನಿ ಅಂದೆನಲ್ಲ, ಒಂದು ತಗಡಿನ ತುಂಡನ್ನು ಹಾಗೆ ನಂಬಿದೆನಲ್ಲ ಎಂದು ಅಳುತ್ತಾ ನಡೆದಳು. ಎದುರು ಬಂದವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಹತ್ತೂವರೆ ದಾಟಿದ ಮೇಲೆ ಕೊನೇ ಸ್ಟಾಪು ಕಂಡಿತು. ಅಲ್ಲಿ ನೆರಳೂ ಇಲ್ಲ, ಬೆಂಚೂ ಇಲ್ಲ, ಒಂದು ಕಂಬ ಮಾತ್ರ. ಕಂಬದ ಸುತ್ತ ಇಪ್ಪತ್ತು ಮಂದಿ ಕುಕ್ಕರುಗಾಲಲ್ಲಿ ಕೂತಿದ್ದರು. ಮನೆಗೆಲಸಕ್ಕೆ ಹೋಗುವ ಹೆಂಗಸರು, ಗಾರೆಯವರು, ಕಂಕುಳಲ್ಲಿ ಕೂಸಿಟ್ಟುಕೊಂಡ ಬಾಣಂತಿ. ಗಂಡ ಕಂಬಕ್ಕೆ ಒರಗಿ ಕಾಲು ಚಾಚಿದ್ದ. ಮಡಿಲಲ್ಲಿ ಆಸ್ಪತ್ರೆಯ ಫೈಲು. ಮುಖ ಬಾತು ಕಣ್ಣು ಸಣ್ಣಗಾಗಿದ್ದವು.

"ನೀನ್ಯಾಕೆ ಬಂದೆ?" ಎಂದ. "ಬಸ್ಸು ಬರುತ್ತಲ್ಲ."

ಅವಳು ಅವನ ಮುಂದೆ ಕುಸಿದಳು. "ಬರಲ್ಲ ಕಣೋ. ತೆಗೆದುಬಿಟ್ರು. ನಾನೇ... ನನ್ನ ಕೈಯಾರ..."

"ಒಂಬತ್ತೂ ಇಪ್ಪತ್ತಕ್ಕೆ ನರ್ಸಮ್ಮ ಫೋನು ಮಾಡಿತ್ತು. ಸೋಮವಾರ ಬಾ, ನೀರು ಕುಡೀಬೇಡ ಅಂತು. ಆಂಬುಲೆನ್ಸಿನೋರು ಇಷ್ಟು ದೂರ ಬರಲ್ಲ ಅಂದ್ರು." ಅವನು ಮಾತು ನಿಲ್ಲಿಸಿ ಉಸಿರು ಎಳೆದುಕೊಂಡ. ಎದೆಯೊಳಗೆ ನೀರು ಗುಳುಗುಳು ಅಂದಿತು. "ಸೋಮವಾರ ಅಂದ್ರೆ ಇನ್ನೆಷ್ಟು ದಿನ?"

ಅವಳು ಬೆರಳು ಮಡಿಚತೊಡಗಿದಳು, ಪೂರ್ತಿ ಮಾಡಲಿಲ್ಲ.

ಹನ್ನೊಂದರ ಸುಮಾರಿಗೆ ದೂರದಲ್ಲಿ ಧೂಳೆದ್ದಿತು. ಹಳದಿ ಬೋರ್ಡು! ರೈಲು ಸರಿಯಾಗಿತ್ತು, ಬಸ್ಸನ್ನು ಅದರ ದಾರಿಗೆ ಬಿಟ್ಟಿದ್ದರು. ಜನ ದಡಬಡ ಎದ್ದರು. ಇಬ್ಬರು ಗಾರೆಯವರು ಗಂಡನನ್ನು ಕಂಕುಳಿಗೆ ಕೈ ಕೊಟ್ಟು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿದರು. ಮೀಸೆಣ್ಣ ತಿರುಗಿ ನೋಡಿದವನು ಬೆಚ್ಚಿದ. "ಅಕ್ಕಾ, ಇದೇನಿದು ಹಿಂಗಾಗಿದಾನೆ! ಅರ್ಜೆಂಟು ವಾರ್ಡಿಗೆ ಹಾಕೋಣ. ನಲವತ್ತು ನಿಮಿಷಕ್ಕೆ ಮುಟ್ಟಿಸ್ತೀನಿ. ನಡೀರಿ."

ಅವನು ಗೇರು ಹಾಕಿದ. ಅಷ್ಟರಲ್ಲಿ ಅವನ ಮುಂದಿದ್ದ ಫೋನು ಬಡಿದುಕೊಂಡಿತು. ಕಂಟ್ರೋಲರನ ಗಂಟಲು ಇಡೀ ಬಸ್ಸಿಗೆ ಕೇಳಿಸಿತು.

"ಮೀಸೆ, ಎಲ್ಲಿದೀಯಾ? ವಾಪಸ್ ತಿರುಗ್ಸು. ಖಾಲಿ ಬಾ, ಒಬ್ರನ್ನೂ ಹತ್ತಿಸ್ಬೇಡ."

"ಮತ್ತೆ ನಿಲ್ತಾ ಸಾರ್ ರೈಲು?"

"ಇಲ್ಲಪ್ಪ. ಮೇಲಿನೋರು ಈಗ ಬಂದ್ರು. ಬೆಳಿಗ್ಗೆ ಅವ್ರೂ ರೈಲಲ್ಲೇ ಸಿಕ್ಕಾಕ್ಕೊಂಡಿದ್ರಂತೆ, ನೋಡೋಕೆ ಆಗ್ಲಿಲ್ಲ. ಇನ್ನೊಂದ್ಸಲ ಮಾಡಿ ತೋರಿಸ್ಬೇಕಂತೆ. ಅದೇ ಐದು ಗಾಡಿ, ಅದೇ ಕೆಂಪು ಬೋರ್ಡು. ಫೋಟೋದೋರೂ ಬಂದಿದಾರೆ. ಬೇಗ ಬಾ."

"ಸಾರ್, ಇಲ್ಲೊಬ್ಬ ಪೇಷಂಟು..."

"ಕ್ಯಾಮೆರಾದಲ್ಲಿ ನೋಡ್ತಿದೀನಿ. ಎಲ್ರನ್ನೂ ಇಳ್ಸು. ಇಲ್ಲಾಂದ್ರೆ ನಾಳೆಯಿಂದ ನೀನೂ ಬರ್ಬೇಡ."

ಮೀಸೆಣ್ಣನ ಕೈ ಗೇರಿನ ಮೇಲೆಯೇ ಉಳಿಯಿತು. ಅವನಿಗೂ ಮೂವರು ಮಕ್ಕಳು. ಅವನು ಯಾರ ಮುಖವನ್ನೂ ನೋಡದೆ, "ಇಳೀರಪ್ಪಾ," ಎಂದ. "ನನ್ನ ಕೈಲಿ ಏನಿಲ್ಲ. ಇಳೀರಿ."

ಕೊನೇ ಸ್ಟಾಪಿನವರು ಅಭ್ಯಾಸದವರು. ಗೊಣಗುತ್ತಾ ಗಂಟು ಎತ್ತಿಕೊಂಡು ಒಬ್ಬೊಬ್ಬರಾಗಿ ಇಳಿಯತೊಡಗಿದರು. ಬಾಣಂತಿಯೂ ಇಳಿದಳು. ಗಂಡ ಎರಡೂ ಕೈಯಲ್ಲಿ ಸೀಟಿನ ಅಂಚು ಹಿಡಿದು ಏಳಲು ನೋಡಿದ. ಅದೊಂದನ್ನು ಕಂಡು ಬಕೆಟ್ಟಮ್ಮನಿಗೆ ತಡೆಯಲಾಗಲಿಲ್ಲ. ಈ ಮನುಷ್ಯ ಈಗಲೂ ಹೇಳಿದ್ದು ಕೇಳಿ ಏಳುತ್ತಿದ್ದಾನಲ್ಲ!

"ಕೂತ್ಕೋ!" ಎಂದು ಅವಳು ಗದರಿದಳು. "ಎದ್ರೆ ಕಾಲು ಮುರೀತೀನಿ, ಕೂತ್ಕೋ."

ಅವಳು ಕೆಳಗಿಳಿದಳು. ರಸ್ತೆಬದಿಯಲ್ಲಿ ತಲೆಗಾತ್ರದ ಕಲ್ಲುಗಳು ಬಿದ್ದಿದ್ದವು. ಒಂದನ್ನು ಹೊಟ್ಟೆಗೆ ಅವುಚಿ ತಂದು ಮುಂದಿನ ಗಾಲಿಯ ಕೆಳಗೆ ತಳ್ಳಿದಳು. ಇನ್ನೊಂದನ್ನು ಗಾಲಿಯ ಹಿಂದಿನಿಂದ ಕೊಟ್ಟಳು. ಬಸ್ಸು ತೊಳೆಯುವ ಮೊದಲು ಗಾಲಿ ಉರುಳದ ಹಾಗೆ ಹೇಗೆ ಒತ್ತಬೇಕು ಅಂತ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆಮೇಲೆ ಬಂಪರಿನ ಮುಂದೆ ರಸ್ತೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಎಂಜಿನ್ನಿನ ಬಿಸಿ ಬೆನ್ನಿಗೆ ಬಡಿಯುತ್ತಿತ್ತು.

"ಅಕ್ಕಾ, ಏಳು ಅಕ್ಕಾ," ಮೀಸೆಣ್ಣ ಕಿಟಕಿಯಿಂದ ಬಗ್ಗಿ ಕೇಳಿಕೊಂಡ.

"ಹೋದ್ರೆ ಆಸ್ಪತ್ರೆಗೆ ಹೋಗ್ಲಿ," ಎಂದಳು ಅವಳು. "ಇಲ್ಲಾಂದ್ರೆ ಎಲ್ಲಿಗೂ ಹೋಗೋದು ಬೇಡ. ನಿಂಗೆ ಕೆಲಸ ಉಳೀಬೇಕಾದ್ರೆ ನನ್ನ ಮೇಲೆ ಹತ್ತಿಸ್ಕೊಂಡು ಹೋಗು, ನಾನೇನೂ ಅನ್ನಲ್ಲ."

ಇಳಿದವರು ಸ್ವಲ್ಪ ದೂರದಲ್ಲಿ ನಿಂತು ನೋಡಿದರು. ಯಾರೂ ಬಂದು ಅವಳ ಪಕ್ಕ ಕೂರಲಿಲ್ಲ. ಯಾರೂ ಎಳೆದು ಎಬ್ಬಿಸಲೂ ಇಲ್ಲ. ಫೋನಿನಲ್ಲಿ ಕಂಟ್ರೋಲರ್ ಬಯ್ಯುತ್ತಲೇ ಇದ್ದ. "ಯಾಕೋ ಗಾಡಿ ಅಲ್ಲಾಡ್ತಿಲ್ಲ? ಏನು ತಡೆ ಅಂತ ಬರ್ಕೊಳ್ಲಿ? ರಸ್ತೆ ಕುಸಿತಾ? ಗಲಾಟೆನಾ? ಏನೋ ಅದು, ಹೇಳೋ!"

ಮೀಸೆಣ್ಣ ಕೈ ಚಾಚಿ ಕೀಲಿ ತಿರುಗಿಸಿ ಎಂಜಿನ್ನು ಆರಿಸಿದ. ಅದರ ಗಡಗಡ ನಿಂತ ಮೇಲೆ, ಬಸ್ಸಿನೊಳಗೆ ಒಬ್ಬನೇ ಕೂತಿದ್ದ ಗಂಡನ ಉಸಿರು ಎಳೆದೆಳೆದು ಬರುವ ಸದ್ದು ರಸ್ತೆಯಲ್ಲಿ ನಿಂತವರಿಗೆಲ್ಲ ಕೇಳತೊಡಗಿತು.